ಗೊಂಬೆಯ ಬುಡದಲ್ಲಿ ಒಂದು ಹೆಸರು: ಜಪಾನಿನ ಕೊಕೆಶಿ, ಚನ್ನಪಟ್ಟಣ ಮತ್ತು ಕತಾರಿನ ಕನ್ನಡ ಮನೆಗಳು

ದೋಹಾದ ಕನ್ನಡ ಮನೆಗಳಲ್ಲಿ ನವರಾತ್ರಿಗೆ ಕೂರಿಸುವ ಗೊಂಬೆಗಳಿಗೆ ಊರಿನ ಮನೆಗಳಲ್ಲಿ ಅಷ್ಟಾಗಿ ಕಾಣದ ಒಂದು ಮೆಟ್ಟಿಲು ಇರುತ್ತದೆ. ಮೇಲೆ ಪಟ್ಟದ ರಾಜ-ರಾಣಿ, ಕೆಳಗೆ ದಶಾವತಾರ, ಅದರ ಕೆಳಗೆ ಚನ್ನಪಟ್ಟಣದ ವಾದ್ಯದವರು, ಎತ್ತಿನ ಗಾಡಿ, ಅಡುಗೆ ಸಾಮಾನು: ಇಷ್ಟು ಮೈಸೂರಿನಲ್ಲೂ ಉಂಟು. ಆದರೆ ಕೆಲಸಕ್ಕೆಂದು ದೇಶ ಸುತ್ತುವವರ ಮನೆಯಲ್ಲಿ ಕೊನೆಯ ಮೆಟ್ಟಿಲಿನ ಮೇಲೆ ಪರದೇಶದ ಗೊಂಬೆಗಳೂ ಜಾಗ ಹಿಡಿಯುತ್ತವೆ. ಅವುಗಳ ನಡುವೆ ಕೈಯೂ ಇಲ್ಲದ, ಕಾಲೂ ಇಲ್ಲದ, ದುಂಡು ತಲೆಯ ಒಂದು ಮರದ ಗೊಂಬೆ ನಿಂತಿದ್ದರೆ ಅದು ಜಪಾನಿನ ಕೊಕೆಶಿ. ನೋಡಿದ ಕೂಡಲೇ ಇದು ಚನ್ನಪಟ್ಟಣದ್ದೇ ಎಂದು ಹೇಳುವ ಅತಿಥಿಗಳಿದ್ದಾರೆ. ಹಾಗೆ ಅನ್ನಿಸುವುದರಲ್ಲಿ ಅರ್ಥವಿದೆ. ಎರಡೂ ಲೇತಿನ ಮೇಲೆ ಕಡೆದ ಗೊಂಬೆಗಳು, ಎರಡೂ ಬಿಳಿ ಮರದ ಮಕ್ಕಳು.

ಇಷ್ಟು ಹತ್ತಿರದ ಈ ಎರಡು ಕಸುಬುಗಳ ಹಾದಿ ಎಲ್ಲಿ ಒಂದಾಗಿ ಸಾಗಿದೆ, ಎಲ್ಲಿ ಕವಲೊಡೆದಿದೆ? ಇನ್ನೂರು ವರ್ಷ ಬದುಕಿ ಉಳಿದ ಜಪಾನಿನ ಗೊಂಬೆಯಿಂದ ನಮ್ಮ ಗೊಂಬೆ ಕಲಿಯಬೇಕಾದದ್ದು ಏನಾದರೂ ಇದೆಯೇ? ಈ ಲೇಖನ ಆ ಪ್ರಶ್ನೆಯ ಸಮೀಕ್ಷೆ.

ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ

ಜಪಾನಿನ ಈಶಾನ್ಯ ಭಾಗವಾದ ತೊಹೊಕು ಕೊಕೆಶಿಯ ತವರು. ಹಿಮ ಬೀಳುವ ಬೆಟ್ಟಗಳು, ಕಣಿವೆಗಳಲ್ಲಿ ಬಿಸಿನೀರಿನ ಬುಗ್ಗೆಗಳು. ಆ ಬೆಟ್ಟಗಳ ಕಾಡಿನಲ್ಲಿ ‘ಕಿಜಿಶಿ’ ಎಂಬ ಮರ ಕಡೆಯುವವರು ಇದ್ದರು. ಬಟ್ಟಲು, ತಟ್ಟೆ, ಹರಿವಾಣ ಮಾಡುವುದು ಅವರ ಕುಲಕಸುಬು. ಒಂಬತ್ತನೇ ಶತಮಾನದ ರಾಜಕುಮಾರ ಕೊರೆತಕ ತಮಗೆ ಈ ವಿದ್ಯೆ ಕಲಿಸಿದನೆಂಬ ಐತಿಹ್ಯವನ್ನು ಅವರು ನಂಬಿಕೊಂಡು ಬಂದವರು. ಮರ ಸಿಕ್ಕಲ್ಲಿ ಬಿಡಾರ, ಮರ ಮುಗಿದರೆ ಮುಂದಿನ ಬೆಟ್ಟ.

ಎದೋ ಕಾಲದ ಕೊನೆಯ ಭಾಗದಲ್ಲಿ, ಎಂದರೆ ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ, ಇವರು ಬುಗ್ಗೆಯ ಊರುಗಳ ಹತ್ತಿರ ನೆಲೆ ನಿಂತರು. ಕೊಯ್ಲು ಮುಗಿಸಿದ ರೈತರು ಮೈಕೈ ನೋವು ಕಳೆದುಕೊಳ್ಳಲು ಆ ಊರುಗಳಿಗೆ ಬಂದು ದಿನಗಟ್ಟಲೆ ತಂಗುತ್ತಿದ್ದರು. ಮನೆಗೆ ಹೊರಟಾಗ ಮಕ್ಕಳಿಗೆ ಏನಾದರೂ ಒಯ್ಯಬೇಕಲ್ಲ! ಬಟ್ಟಲು ಕಡೆಯುವವನು ಉಳಿದ ಮರದ ತುಂಡಿನಲ್ಲಿ ಒಂದು ತಲೆ, ಒಂದು ಮೈ ಕಡೆದು, ಮುಖ ಬರೆದು ಕೊಟ್ಟ. ಹೆಣ್ಣುಮಕ್ಕಳ ಪುಟ್ಟ ಕೈಗೆ ಒಗ್ಗುವ, ಬೆನ್ನಿಗೆ ಕಟ್ಟಿಕೊಂಡು ಪಾಪುವಿನಂತೆ ಆಡಿಸಬಹುದಾದ ಗೊಂಬೆ. ಮೈಗೆ ಬಳಿದ ಕೆಂಪಿಗೂ ಕಾರಣವಿತ್ತು. ಕೆಂಪು ಬಣ್ಣದ ಆಟಿಕೆ ಸಿಡುಬನ್ನು ದೂರವಿಡುತ್ತದೆ ಎಂಬ ನಂಬಿಕೆ ಆಗಿನ ಜಪಾನಿನಲ್ಲಿ ಬಲವಾಗಿತ್ತು.

ಊರೂರಿಗೆ ಈ ಗೊಂಬೆಗೆ ಬೇರೆ ಬೇರೆ ಹೆಸರಿತ್ತು. 1940ರಲ್ಲಿ ನರುಕೊ ಎಂಬ ಬುಗ್ಗೆಯ ಊರಿನಲ್ಲಿ ಸೇರಿದವರು ‘ಕೊಕೆಶಿ’ ಎಂಬ ಒಂದೇ ಹೆಸರನ್ನು ಒಪ್ಪಿಕೊಂಡರು. ಅದಕ್ಕೂ ಮುಂಚೆ ಒಂದು ದೊಡ್ಡ ಗಂಡಾಂತರ ಬಂದು ಹೋಗಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ತಗಡಿನ ಮತ್ತು ಸೆಲ್ಯುಲಾಯ್ಡಿನ ಆಟಿಕೆಗಳು ಪೇಟೆಗೆ ನುಗ್ಗಿದಾಗ ಮಕ್ಕಳು ಮರದ ಗೊಂಬೆಯನ್ನು ಬದಿಗಿಟ್ಟರು. ಕಸುಬು ಅಲ್ಲಿಗೇ ಮುಗಿಯಬಹುದಿತ್ತು. ಅದನ್ನು ಎತ್ತಿ ಹಿಡಿದವರು ಸಂಗ್ರಾಹಕರು. ಸೆಂದಾಯ್ ನಗರದ ಅಮಾಯೆ ತೊಮಿಜಿ 1928ರಲ್ಲಿ ಕೊಕೆಶಿಯ ಬಗ್ಗೆಯೇ ಒಂದು ಪುಸ್ತಕ ಬರೆದರು. ಯಾವ ಊರಿನಲ್ಲಿ ಯಾರು, ಯಾರ ಶಿಷ್ಯ, ಯಾವ ಬಗೆ ಎಂದು ಹುಡುಕಿ ಬರೆದಿಡುವ ಹವ್ಯಾಸ ಅಲ್ಲಿಂದ ಹಬ್ಬಿತು. ಮಕ್ಕಳ ಕೈಯಿಂದ ಜಾರಿದ ಗೊಂಬೆ ದೊಡ್ಡವರ ಕಪಾಟಿಗೆ ಹತ್ತಿತು.

ಮುಖ ನೋಡಿ ಊರು ಹೇಳುವುದು

ಸಂಪ್ರದಾಯದ ಕೊಕೆಶಿಯನ್ನು ಸಾಮಾನ್ಯವಾಗಿ ಹನ್ನೊಂದು ಪರಂಪರೆಗಳಾಗಿ ವಿಂಗಡಿಸುತ್ತಾರೆ. ತಿಳಿದವರು ಮುಖ ನೋಡಿಯೇ ಊರು ಹೇಳುತ್ತಾರೆ. ಫುಕುಶಿಮಾ ಕಡೆಯ ತ್ಸುಚಿಯು ಗೊಂಬೆಯ ನೆತ್ತಿಯ ಮೇಲೆ ಹಾವಿನ ಕಣ್ಣಿನಂಥ ಕಪ್ಪು ಬಳೆ, ಮೈತುಂಬ ಸಣ್ಣ ಗೆರೆ. ಮಿಯಾಗಿಯ ತೊಗತ್ತಾದ್ದಕ್ಕೆ ತಲೆ ದೊಡ್ಡದು, ನೆತ್ತಿಯಲ್ಲಿ ಕೆಂಪು ಎಸಳು. ಇವಾತೆಯ ನಂಬು ಗೊಂಬೆಯ ತಲೆ ಸಡಿಲ, ಅಲುಗಿಸಿದರೆ ತೂಗಾಡುತ್ತದೆ. ಹಳೆಯ ಕಾಲದಲ್ಲಿ ಅದಕ್ಕೆ ಬಣ್ಣವೇ ಇರಲಿಲ್ಲ. ಅಕಿತಾದ ಕಿಜಿಯಾಮ ಗೊಂಬೆಯಲ್ಲಿ ತಲೆ-ಮೈ ಎರಡೂ ಒಂದೇ ತುಂಡು. ತೀರ ಬಡಗಣದ ತ್ಸುಗರು ಗೊಂಬೆಗೆ ಸೊಂಟ ಸಣ್ಣ, ಎದೆಯ ಮೇಲೆ ಪಿಯೊನಿ ಹೂವು ಅಥವಾ ದರುಮ ಎಂಬ ಬೌದ್ಧ ಸಂತನ ಮುಖ. ಅಲ್ಲಿನ ನುರುಯು ಊರಿನ ಮೋರಿ ಹಿದೆತಾರೊ (1895–1986) ಬರೆದ, ಉದ್ದ ರೆಪ್ಪೆಯ ಹೆಣ್ಣಿನ ಮುಖವನ್ನು ಕಲೆಯ ಲೋಕವೇ ಮೆಚ್ಚಿಕೊಂಡಿತು.

ನರುಕೊದ ಗೊಂಬೆಯನ್ನಂತೂ ಕೈಯಲ್ಲಿ ಹಿಡಿದೇ ನೋಡಬೇಕು. ಅದರ ತಲೆ ತಿರುಗಿಸಿದರೆ ಕೀಂಯ್ ಎಂಬ ಸಣ್ಣ ಸದ್ದು. ಒಳಗೆ ಸೀಟಿಯಿಲ್ಲ, ತಂತಿಯಿಲ್ಲ. ಮೈಯನ್ನು ಲೇತಿನ ಮೇಲೆ ತಿರುಗಲು ಬಿಟ್ಟು, ಕುತ್ತಿಗೆಯ ಗುಳಿಗೆ ತಲೆಯ ಗೂಟವನ್ನು ಒತ್ತಿ ಹಿಡಿಯುತ್ತಾರೆ. ಮರಕ್ಕೆ ಮರ ಉಜ್ಜಿ ಬಿಸಿಯಾಗಿ, ಒಂದು ಕ್ಷಣಕ್ಕೆ ಬಾಯಿ ಬಿಟ್ಟ ಗುಳಿಯೊಳಗೆ ತಲೆ ಇಳಿದು ಕೂರುತ್ತದೆ. ತಣ್ಣಗಾದ ಮೇಲೆ ಅದು ತಿರುಗುತ್ತದೆ, ಆದರೆ ಕಳಚುವುದಿಲ್ಲ. ಅಂಟಿಲ್ಲ, ಮೊಳೆಯಿಲ್ಲ. ಸೀಳಿಲ್ಲದೆ ಈ ಕೆಲಸ ಆಗಬೇಕಾದರೆ ಮರ ಚೆನ್ನಾಗಿ ಒಣಗಿರಬೇಕು. ಬಿಳುಪಾದ, ನುಣ್ಣನೆಯ ಎಳೆಯ ಮಿಜುಕಿ ಮರವನ್ನು ಕಡಿದು, ತೊಗಟೆ ಸುಲಿದು, ಆರು ತಿಂಗಳಿಗೂ ಹೆಚ್ಚು ಕಾಲ ಬಯಲಲ್ಲಿ ಒಣಗಲು ಬಿಡುವುದು ಅದಕ್ಕಾಗಿಯೇ.

ಕೊಕೆಶಿಯ ಆಕರ್ಷಣೆ ಅದು ಬಿಟ್ಟುಕೊಟ್ಟದ್ದರಲ್ಲಿದೆ. ಕೈ ಕಾಲು ಬಿಟ್ಟರು, ಬಟ್ಟೆ ಬಿಟ್ಟರು, ಕೆಲವು ಬಗೆಗಳಲ್ಲಿ ಬಾಯನ್ನೂ ಒಂದೇ ಚುಕ್ಕೆಗೆ ಇಳಿಸಿದರು. ಉಳಿದದ್ದು ಮರದ ನಾರು, ನಾಲ್ಕಾರು ಕುಂಚದ ಎಳೆ, ಇಷ್ಟೇ. ಕಣ್ಣಿನ ಗೆರೆಯನ್ನು ಮರದ ಮೇಲೆ ನೇರ ಎಳೆಯಬೇಕು. ತಪ್ಪಿದರೆ ಅಳಿಸುವಂತಿಲ್ಲ, ಬಣ್ಣವನ್ನು ಮರ ಆಗಲೇ ಕುಡಿದಿರುತ್ತದೆ. ಹಾಗಾಗಿ ಒಬ್ಬನೇ ಮಾಡಿದ ನೂರು ಗೊಂಬೆಗಳಲ್ಲಿ ನೂರು ಮುಖಭಾವ. ನೋಡುವವರ ಮನಸ್ಸು ಸರಿಯಿದ್ದ ದಿನ ಅದು ನಗುತ್ತದೆ, ಇಲ್ಲದ ದಿನ ಸುಮ್ಮನಿರುತ್ತದೆ. ಮಗು ಹುಟ್ಟಿದಾಗ ಆ ಮಗುವಿನಷ್ಟೇ ಎತ್ತರದ ಕೊಕೆಶಿ ಮಾಡಿಸಿ ಇಟ್ಟುಕೊಳ್ಳುವವರು ಇಂದಿನ ಜಪಾನಿನಲ್ಲಿ ಇರುವುದು ಈ ಆಪ್ತತೆಯಿಂದಲೇ.

ಚನ್ನಪಟ್ಟಣದ ಲೇತಿನ ಮೇಲೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಸುಮಾರು ಅರುವತ್ತು ಕಿಲೋಮೀಟರ್ ದೂರದ ಚನ್ನಪಟ್ಟಣಕ್ಕೆ ಬಂದರೆ ಇದೇ ಕಸುಬಿನ ಇನ್ನೊಂದು ಮುಖ ಕಾಣುತ್ತದೆ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಕಲಿಸಿದ ಎಂಬುದು ರೂಢಿಯ ಮಾತು. ಅದರ ಮುಂದಿನ ಅಧ್ಯಾಯವೇ ನಮ್ಮನ್ನು ಜಪಾನಿಗೆ ಜೋಡಿಸುತ್ತದೆ. ಈ ಕಸುಬಿನ ಪಿತಾಮಹ ಎಂದು ಊರು ಗೌರವಿಸುವ ಬಾವಾಸ್ ಮಿಯಾ, ಜಪಾನಿನ ಗೊಂಬೆ ಮಾಡುವ ತಂತ್ರಗಳನ್ನು ಅಭ್ಯಾಸ ಮಾಡಿ ಚನ್ನಪಟ್ಟಣದವರ ಕೈಗೆ ಇಳಿಸಿದರೆಂದು ಹೇಳಿಕೊಂಡು ಬಂದಿದ್ದಾರೆ. ಅತಿಥಿಗಳ ಕಣ್ಣಿಗೆ ಎರಡೂ ಗೊಂಬೆಗಳು ನೆಂಟರಂತೆ ಕಂಡರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ಇಲ್ಲಿನ ಮರ ಆಲೆಮರ. ಹಗುರ, ಬಿಳುಪು, ನಾರು ಬಿಗಿ. ಮಿಜುಕಿಗೂ ಇದಕ್ಕೂ ಗುಣದಲ್ಲಿ ಹೋಲಿಕೆ ಇದೆ. ವ್ಯತ್ಯಾಸವಿರುವುದು ಬಣ್ಣ ಹಚ್ಚುವುದರಲ್ಲಿ. ಕೊಕೆಶಿಯವನು ತಿರುಗುವ ಮರಕ್ಕೆ ಕುಂಚ ತಾಗಿಸಿ ಗೆರೆ ಎಳೆಯುತ್ತಾನೆ, ಬಣ್ಣ ಒಳಗಿಳಿಯುತ್ತದೆ, ಮೇಲೆ ಮೇಣ ತಿಕ್ಕುತ್ತಾನೆ. ಚನ್ನಪಟ್ಟಣದವರು ತಿರುಗುವ ಮರಕ್ಕೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನೇ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಕೇದಗೆಯ ಗರಿಯನ್ನು ಹಿಡಿದರೆ ಅರಗು ಸಮನಾಗಿ ಹರಡಿ ಕನ್ನಡಿಯ ಹೊಳಪು ಬರುತ್ತದೆ. ಅರಿಸಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ, ಹೀಗೆ ಸಸ್ಯದ ಬಣ್ಣಗಳನ್ನು ಬಳಸುವ ಕಾರ್ಖಾನೆಗಳಲ್ಲಿ ತಯಾರಾದ ಗೊಂಬೆಯನ್ನು ಮಗು ಬಾಯಿಗಿಟ್ಟರೂ ತಾಯಿ ಹೆದರಬೇಕಾಗಿಲ್ಲ. ಕೊಕೆಶಿಯ ಬಣ್ಣ ಬಿಸಿಲಿಗೆ ಮಾಸುತ್ತದೆ. ಮಾಸಿದ ಹಳೆಯ ಮುಖಕ್ಕೇ ಬೆಲೆ ಕೊಡುವ ಸಂಗ್ರಾಹಕರಿದ್ದಾರೆ. ಅರಗಿನ ಹೊಳಪು ಮಾತ್ರ ವರ್ಷಗಟ್ಟಲೆ ಹಾಗೇ ನಿಲ್ಲುತ್ತದೆ.

ತೊಹೊಕುವಿಗೆ ತಗಡು ಮತ್ತು ಸೆಲ್ಯುಲಾಯ್ಡ್ ತಂದ ಕಷ್ಟವನ್ನು ಚನ್ನಪಟ್ಟಣಕ್ಕೆ ಅಗ್ಗದ ಪ್ಲಾಸ್ಟಿಕ್ ತಂದಿತು. ವಿದೇಶಿ ಆಟಿಕೆಗಳ ಹೊಡೆತಕ್ಕೆ ಅನೇಕರು ಲೇತ್ ಮುಚ್ಚಿ ಬೇರೆ ಕೆಲಸ ನೋಡಿಕೊಂಡರು. ತಡೆಯಾಗಿ ಬಂದ ಕ್ರಮಗಳೂ ಉಂಟು. 2005-06ರಲ್ಲಿ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2020ರಲ್ಲಿ ಆಮದು ಆಟಿಕೆಗಳ ಮೇಲಿನ ಸುಂಕ ಶೇ. 20ರಿಂದ ಶೇ. 60ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಗೊಂಬೆಗಳಿಗೂ ವಿನಾಯಿತಿ ಕೊಟ್ಟರು. ಇವೆಲ್ಲ ಕಸುಬಿಗೆ ಉಸಿರು ಕೊಟ್ಟಿವೆ.

ಕರ್ನಾಟಕದ ಮರದ ಗೊಂಬೆ ಎಂದರೆ ಚನ್ನಪಟ್ಟಣ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಮುದ್ದೆಯಿಂದ ಒಡವೆ, ಸೆರಗುಗಳನ್ನು ಎಬ್ಬಿಸಿ ಬಣ್ಣ ಹಚ್ಚುತ್ತಾರೆ. ವಿಜಯನಗರದ ಕಾಲದ ನೆನಪು ಆ ಕೈಗಳಲ್ಲಿದೆ. ಗೋಕಾಕದವರು ಮರದಲ್ಲಿ ಮಾಡುವ ಹಣ್ಣು-ತರಕಾರಿಗಳು ನಿಜದವೇ ಎಂದು ಕಣ್ಣು ಮೋಸ ಹೋಗುತ್ತದೆ.

ಎರಡು ನಾಡುಗಳ ರಾಜ-ರಾಣಿ

ಗೊಂಬೆ ಉಳಿಯುವುದಕ್ಕೆ ಕೈಚಳಕದಷ್ಟೇ ಮುಖ್ಯವಾದದ್ದು ಅದಕ್ಕೊಂದು ಹಬ್ಬ ಇರುವುದು. ಜಪಾನಿನಲ್ಲಿ ಮಾರ್ಚ್ 3 ಹೆಣ್ಣುಮಕ್ಕಳ ಹಬ್ಬ, ಹಿನಮತ್ಸುರಿ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ತುತ್ತತುದಿಯಲ್ಲಿ ಚಕ್ರವರ್ತಿ-ಚಕ್ರವರ್ತಿನಿ, ಕೆಳಗೆ ಪರಿವಾರದ ಹೆಂಗಸರು, ವಾದ್ಯದವರು, ಮಂತ್ರಿಗಳು, ಕೊನೆಗೆ ಪುಟ್ಟ ಪೆಟ್ಟಿಗೆ-ಪಲ್ಲಕ್ಕಿಗಳು. ಗೊಂಬೆಗಳನ್ನು ತಾಯಿಯ ತವರಿನವರು ಕೊಡಿಸುವ ವಾಡಿಕೆಯೂ ಇದೆ. ಮೈಸೂರು ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿಯೂ ಮದುವೆಯಾದ ಮಗಳಿಗೆ ತವರಿನಿಂದ ಪಟ್ಟದ ಗೊಂಬೆಗಳು ಬರುತ್ತವೆ. ನವರಾತ್ರಿಯ ಮೊದಲ ದಿನ ಅವು ಮೇಲಿನ ಮೆಟ್ಟಿಲೇರುತ್ತವೆ, ಸಂಜೆ ಆರತಿಯಾಗುತ್ತದೆ, ಮಕ್ಕಳ ಕೈಗೆ ಗೊಂಬೆ ಬಾಗಿನ ಬರುತ್ತದೆ. ಮೈಸೂರು ಅರಮನೆಯಲ್ಲಿ ಗೊಂಬೆಗಳಿಗೆಂದೇ ಗೊಂಬೆ ತೊಟ್ಟಿ ಇದೆ.

ಹಳೆಯ ಪಟ್ಟದ ಗೊಂಬೆಗಳನ್ನು ರಕ್ತಚಂದನದಲ್ಲಿ ಕೆತ್ತುತ್ತಿದ್ದರು. ಅದೇ ಮರವನ್ನು ಜಪಾನಿನವರು ಶಾಮಿಸೆನ್ ವಾದ್ಯದ ಕುತ್ತಿಗೆಗೆ ಬಹಳ ಬೆಲೆ ಕೊಟ್ಟು ತರಿಸಿಕೊಳ್ಳುತ್ತಿದ್ದರು. 1995ರಿಂದ ಅದು ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಯಲ್ಲಿದೆ. ಹೀಗಾಗಿ ಇಂದು ಹೊಸದಾಗಿ ಗೊಂಬೆ ಕೊಳ್ಳುವವರಿಗೆ ಸಿಗುವುದು ಹೆಚ್ಚಾಗಿ ಬೇರೆ ಮರದವು. ಅಜ್ಜಿಯ ಕಾಲದ ರಕ್ತಚಂದನದ ಜೋಡಿ ಮನೆಯಲ್ಲಿದ್ದರೆ ಅದನ್ನು ಆಸ್ತಿಯಂತೆ ನೋಡಿಕೊಳ್ಳಬೇಕು.

ಕತಾರಿನ ನಂಟು

ಕತಾರಿಗೂ ಕೊಕೆಶಿಯ ನಾಡಿಗೂ ಗಟ್ಟಿಯಾದ ನಂಟಿದೆ. ಕತಾರಿನ ದ್ರವೀಕೃತ ಅನಿಲದ ಮೊದಲ ಹಡಗು 1996ರ ಡಿಸೆಂಬರಿನಲ್ಲಿ ಹೊರಟದ್ದು ಜಪಾನಿಗೆ. ದೋಹಾದ ಇಂದಿನ ಸಿರಿವಂತಿಕೆಯ ಹಿಂದೆ ಆ ವ್ಯಾಪಾರದ ಪಾಲು ದೊಡ್ಡದು, ಅದರ ನೆರಳಿನಲ್ಲಿ ಕೆಲಸ ಕಂಡುಕೊಂಡ ಕನ್ನಡಿಗರೂ ಕಡಿಮೆಯಲ್ಲ. 2011ರ ಮಾರ್ಚಿನಲ್ಲಿ ಭೂಕಂಪ-ಸುನಾಮಿ ಅಪ್ಪಳಿಸಿದ್ದು ಇದೇ ತೊಹೊಕುವಿನ ಕರಾವಳಿಗೆ. ಮರುವರ್ಷ ಕತಾರ್ 10 ಕೋಟಿ ಡಾಲರಿನ ಸ್ನೇಹನಿಧಿ ಸ್ಥಾಪಿಸಿತು. ಮಿಯಾಗಿಯ ಒನಗಾವಾದಲ್ಲಿ ಮೀನುಗಾರರಿಗಾಗಿ ಆ ಹಣದಲ್ಲಿ ಕಟ್ಟಿದ ಶೈತ್ಯಾಗಾರಕ್ಕೆ ‘ಮಸ್ಕರ್’ ಎಂದು ಹೆಸರಿಟ್ಟರು. ಅದು ಕತಾರಿಗಳ ಹಳೆಯ ಮೀನು ಹಿಡಿಯುವ ಪದ್ಧತಿಯ ಹೆಸರು. ಅದೇ 2012ರಲ್ಲಿ ಕತಾರ್–ಜಪಾನ್ ಸಂಸ್ಕೃತಿ ವರ್ಷ ನಡೆಯಿತು. 2019 ಕತಾರ್–ಭಾರತ ಸಂಸ್ಕೃತಿ ವರ್ಷವಾಯಿತು.

ಕತಾರಿನಲ್ಲಿ ಗೊಂಬೆ ಕೂರಿಸುವ ಕನ್ನಡ ಮನೆಗಳಿಗೆ ಮರದ ಗೊಂಬೆ ಹತ್ತಿರವಾಗಲು ತೀರ ಪ್ರಾಯೋಗಿಕವಾದ ಕಾರಣಗಳಿವೆ. ಮಣ್ಣಿನ ಗೊಂಬೆ ವಿಮಾನದ ಪೆಟ್ಟಿಗೆಯಲ್ಲಿ ಉಳಿಯುವುದು ಕಷ್ಟ, ಮೂಗೋ ಕೈಯೋ ಮುಕ್ಕಾಗುತ್ತದೆ. ಮರದ್ದಕ್ಕೆ ಸೀರೆಯ ಮಡಿಕೆ ಸಾಕು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂಬತ್ತು ಮೆಟ್ಟಿಲು ಕಟ್ಟಲಾಗದು. ಮೂರು ಮೆಟ್ಟಿಲಿಗೆ ಚಿಕ್ಕ ಮರದ ಗೊಂಬೆಗಳೇ ಲಕ್ಷಣ. ಭಾನುವಾರದಿಂದ ಗುರುವಾರದವರೆಗೆ ಕಚೇರಿ, ಶಾಲೆ. ಆದ್ದರಿಂದ ಗೊಂಬೆ ನೋಡಲು ಜನ ಸೇರುವುದು ಗುರುವಾರ ರಾತ್ರಿ, ಶುಕ್ರವಾರ ಸಂಜೆ. ಕರ್ನಾಟಕ ಸಂಘ ಕತಾರ್, ತುಳು ಕೂಟ ಕತಾರ್ ಮುಂತಾದ ಸಂಘಗಳ ಬಳಗದಲ್ಲಿ ಪರಿಚಯವಾದ ಕರಾವಳಿಯ, ಉತ್ತರ ಕರ್ನಾಟಕದ ಕುಟುಂಬಗಳು, ಊರಿನಲ್ಲಿ ಈ ಪದ್ಧತಿ ಇರದಿದ್ದವರೂ, ಮೈಸೂರಿನವರ ಮನೆಗೆ ಬಂದು ಮಕ್ಕಳಿಗೆ ಗೊಂಬೆ ತೋರಿಸುತ್ತವೆ.

ಇಲ್ಲಿನ ಹವೆ ಮಾತ್ರ ಮರಕ್ಕೆ ಹಿತವಲ್ಲ. ಹೊರಗೆ ಕಡಲಿನ ತೇವ, ಒಳಗೆ ಹಗಲು ರಾತ್ರಿ ಎಸಿಯ ಒಣಗಾಳಿ. ಮರ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದರೆ ಬಿರುಕು ಬಿಡುತ್ತದೆ. ಎಸಿಯ ಗಾಳಿ ನೇರ ಬೀಳದ, ಕಿಟಕಿಯ ಬಿಸಿಲು ತಾಗದ ಜಾಗದಲ್ಲಿ ಇಡಬೇಕು. ಹಬ್ಬ ಮುಗಿದ ಮೇಲೆ ಹತ್ತಿಬಟ್ಟೆ ಸುತ್ತಿ ಮುಚ್ಚಿದ ಡಬ್ಬಕ್ಕೆ ಹಾಕಬೇಕು. ಕೊಕೆಶಿಯ ಮೇಲೆ ನೀರಿನ ಹನಿ ಬೀಳಬಾರದು, ಬಣ್ಣ ಹರಡುತ್ತದೆ. ಅರಗಿನ ಗೊಂಬೆಯನ್ನು ಬಿಸಿಲಿಗೆ ಕಾದ ಕಾರಿನಲ್ಲಿ ಬಿಟ್ಟು ಹೋಗಬಾರದು, ಅರಗು ಮೆತ್ತಗಾಗುತ್ತದೆ.

ಯಾರು ಮಾಡಿದ್ದು?

ಈ ಗೊಂಬೆ ಯಾರು ಮಾಡಿದ್ದು ಎಂದು ಮಕ್ಕಳು ಕೇಳುತ್ತಾರೆ. ಆ ಪ್ರಶ್ನೆ ಬಂದಾಗಲೇ ಎರಡು ಕಸುಬುಗಳ ಹಾದಿ ಕವಲೊಡೆದ ಜಾಗ ಕಾಣುವುದು. ಸಂಪ್ರದಾಯದ ಕೊಕೆಶಿಯನ್ನು ತಲೆಕೆಳಗು ಮಾಡಿ ನೋಡಿದರೆ ಬುಡದಲ್ಲಿ ಮಸಿಯಲ್ಲಿ ಬರೆದ ಹೆಸರಿರುತ್ತದೆ. ಆ ಹೆಸರು ಹಿಡಿದು ಹೊರಟರೆ ಅವನ ಊರು, ಪರಂಪರೆ, ಗುರು, ಗುರುವಿನ ಗುರು ಸಿಗುತ್ತಾರೆ. ಶಿಷ್ಯ ತನ್ನ ಗುರುವಿನ ಮುಖವನ್ನೇ ಬರೆದರೂ ಅದು ಯಾರ ಮಾದರಿ ಎಂದು ಹೇಳಿ ಬರೆಯುತ್ತಾನೆ. ಷಿರೊಇಷಿ ನಗರದಲ್ಲಿ 1959ರಿಂದ ಪ್ರತಿ ವರ್ಷ ಮೇ ತಿಂಗಳಲ್ಲಿ ಕೊಕೆಶಿ ಸ್ಪರ್ಧೆ ನಡೆದುಕೊಂಡು ಬಂದಿದೆ, ನರುಕೊದಲ್ಲಿ ಸೆಪ್ಟೆಂಬರಿನಲ್ಲಿ ಉತ್ಸವ. ಬಹುಮಾನ ಹೋಗುವುದು ವ್ಯಕ್ತಿಗೆ. 1981ರಲ್ಲಿ ಮಿಯಾಗಿಯ ಕೊಕೆಶಿಯನ್ನು ಜಪಾನ್ ಸರ್ಕಾರ ಪಾರಂಪರಿಕ ಕರಕುಶಲವೆಂದು ಗುರುತಿಸಿತು. ಗುರುತಿಸುವುದಕ್ಕೆ ಅಲ್ಲಿ ಹೆಸರುಗಳ ಒಂದು ಚರಿತ್ರೆಯೇ ಸಿದ್ಧವಿತ್ತು.

ಚನ್ನಪಟ್ಟಣದ ಗೊಂಬೆಯನ್ನು ತಿರುಗಿಸಿ ನೋಡಿದರೆ ಬುಡ ಸಾಮಾನ್ಯವಾಗಿ ಖಾಲಿ. ಪೆಟ್ಟಿಗೆಯ ಮೇಲೆ ಊರಿನ ಹೆಸರಿದೆ, ಮಾರುವ ಸಂಸ್ಥೆಯ ಹೆಸರಿದೆ, ಕಡೆದವರ ಹೆಸರಿಲ್ಲ. ಭೌಗೋಳಿಕ ಸೂಚಕ ಕಾಪಾಡುವುದು ಊರನ್ನು. ಅಗ್ಗದ ನಕಲು ‘ಚನ್ನಪಟ್ಟಣ’ ಎಂಬ ಹೆಸರು ಹಾಕಿಕೊಂಡು ಬಾರದಂತೆ ತಡೆಯಲು ಅದು ಬೇಕೇ ಬೇಕು. ಆದರೆ ಒಂದು ಲೇತಿನ ಮುಂದೆ ಮೂವತ್ತು ವರ್ಷ ಕೂತ ಕೈಗೆ ಅದರಿಂದ ಹೆಸರು ಬರುವುದಿಲ್ಲ. ಹೆಸರಿಲ್ಲದ ಕೈಗೆ ತುಂಡಿನ ಲೆಕ್ಕದ ಕೂಲಿ ದಾಟಿ ಬೆಲೆ ಕೇಳುವ ಶಕ್ತಿ ಬರುವುದಿಲ್ಲ. ಆ ಮನೆಯ ಮಗ ಅಥವಾ ಮಗಳು ಬೆಂಗಳೂರಿನ ಕೆಲಸ ಹುಡುಕಿಕೊಂಡು ಹೊರಟರೆ ಅವರನ್ನು ದೂರುವಂತಿಲ್ಲ.

ಹಾಗಾದರೆ ನಮ್ಮ ಗೊಂಬೆಯ ಮೇಲೂ ಮಾಡಿದವರ ಹೆಸರು ಬರಬೇಕು. ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ಗಟ್ಟಿಯಾದವು. ಚನ್ನಪಟ್ಟಣದಲ್ಲಿ ಒಂದು ಗೊಂಬೆ ಹಲವು ಕೈ ದಾಟುತ್ತದೆ. ಒಬ್ಬರು ಕಡೆಯುತ್ತಾರೆ, ಇನ್ನೊಬ್ಬರು ಅರಗು ಹಿಡಿಯುತ್ತಾರೆ, ಮಗದೊಬ್ಬರು ಕಣ್ಣು-ಮೂಗು ಬರೆಯುತ್ತಾರೆ. ಯಾರ ಹೆಸರು ಹಾಕುವುದು? ಎಲ್ಲರದ್ದೂ ಹಾಕಬಹುದು, ಅಥವಾ ಕಾರ್ಖಾನೆಯ ಹೆಸರು ಹಾಕಿ ಒಳಗಿನ ಚೀಟಿಯಲ್ಲಿ ಕೈಗಳ ಹೆಸರು ಕೊಡಬಹುದು. ತರಬೇತಿ ಪಡೆದು ಈಚಿನ ದಶಕಗಳಲ್ಲಿ ಈ ಕೆಲಸಕ್ಕೆ ಬಂದ ಹೆಣ್ಣುಮಕ್ಕಳ ಶ್ರಮ ಲೆಕ್ಕಕ್ಕೆ ಸಿಗುವುದು ಹಾಗೆಯೇ. ಇನ್ನೊಂದು ಆಕ್ಷೇಪ ಇನ್ನೂ ಆಳದ್ದು. ಹೆಸರು ಬಂದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಗೊಂಬೆ ಗಾಜಿನ ಕಪಾಟು ಸೇರುತ್ತದೆ. ಕೊಕೆಶಿಗೆ ಆದದ್ದು ಅದೇ. ಉಳಿಯಿತು, ಆದರೆ ಮಕ್ಕಳ ಆಟದಿಂದ ದೂರವಾಯಿತು. ಮಾಡುವವರೂ ಅಲ್ಲಿ ಈಗ ವಯಸ್ಸಾದವರೇ ಹೆಚ್ಚು. ಚನ್ನಪಟ್ಟಣದ ಗಿಲಕಿ, ಬುಗುರಿ, ತಳ್ಳುಗಾಡಿ ಇಂದಿಗೂ ಮಗುವಿನ ಕೈಯಲ್ಲಿವೆ. ಅದನ್ನು ಕಳೆದುಕೊಂಡು ಸಿಗುವ ಯಾವ ಕೀರ್ತಿಯೂ ಬೇಡ. ಗಿಲಕಿ ಗಿಲಕಿಯಾಗಿ, ಗಿಲಕಿಯ ಬೆಲೆಗೇ ಸಿಗಲಿ. ನವರಾತ್ರಿಯ ಮೆಟ್ಟಿಲೇರುವ ಪಟ್ಟದ ಗೊಂಬೆ, ವಾದ್ಯದವರ ಸಾಲು, ಹೊಸ ಕಲ್ಪನೆಯ ಗೊಂಬೆಗಳಿಗೆ ಹೆಸರು ಬರಲಿ. ಒಂದೇ ಲೇತ್ ಈ ಎರಡನ್ನೂ ಮಾಡಬಲ್ಲದು.

ಈ ಬದಲಾವಣೆ ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ತೊಹೊಕುವಿನಲ್ಲಿ ಅದನ್ನು ತಂದವರು ಕೊಳ್ಳುವವರು. ಹೆಸರು ಕೇಳಿದವರು, ಬರೆದಿಟ್ಟವರು, ಮತ್ತೆ ಹುಡುಕಿಕೊಂಡು ಹೋದವರು. ಕೊಲ್ಲಿಯ ಕನ್ನಡಿಗರಿಗೆ ಅಂಥ ಕೊಳ್ಳುವ ಶಕ್ತಿ ಇದೆ. ವರ್ಷಕ್ಕೊಮ್ಮೆ ಊರಿಗೆ ಹೋಗುವವರು ಮೈಸೂರಿನ ದಾರಿಯಲ್ಲಿ ಅಂಗಡಿಯ ಮುಂದೆ ಮಾತ್ರ ಕಾರು ನಿಲ್ಲಿಸದೆ, ಒಳಗಿನ ಬೀದಿಯ ಲೇತಿನವರೆಗೂ ಹೋಗಬಹುದು. ಸಂಘಗಳು ನವರಾತ್ರಿಗೆ ಮೂರು ತಿಂಗಳ ಮುಂಚೆ ಒಟ್ಟಾಗಿ ಬೇಡಿಕೆ ಕೊಟ್ಟು, ಪ್ರತಿ ಗೊಂಬೆಯೊಂದಿಗೆ ಮಾಡಿದವರ ಹೆಸರು ಬರಲಿ ಎಂದು ಕೇಳಬಹುದು. ದೋಹಾದಲ್ಲಿ ನಡೆಯುವ ಉತ್ಸವಗಳಿಗೆ ಗಾಯಕರನ್ನು, ನಟರನ್ನು ಕರೆಸುವ ನಾವು ಒಂದು ವರ್ಷ ಗೊಂಬೆ ಕಡೆಯುವವರನ್ನು ಕರೆಸಿ, ಮಕ್ಕಳ ಎದುರು ಲೇತ್ ತಿರುಗಿಸಿ ತೋರಿಸಲು ಹೇಳಬಹುದು. ಜಪಾನಿನವರು ನೂರು ವರ್ಷದ ಹಿಂದೆ ತಮ್ಮ ಗೊಂಬೆಗಾರರ ಹೆಸರು ಬರೆದಿಡಲು ತೊಡಗಿದರು. ಚನ್ನಪಟ್ಟಣದಲ್ಲಿ, ಕಿನ್ನಾಳದಲ್ಲಿ ಆ ಕೆಲಸಕ್ಕೆ ಕಾಲ ಮೀರಿಲ್ಲ. ಬರೆದುಕೊಳ್ಳಬೇಕಾದ ಹೆಸರಿನವರು ಇಂದೂ ಲೇತಿನ ಮುಂದೆ, ಉಳಿ ಹಿಡಿದು ಕೂತಿದ್ದಾರೆ. ಅವರ ಹೆಸರು ಕೇಳಿ ಗೊಂಬೆ ಕೊಳ್ಳುವುದು ಈ ನವರಾತ್ರಿಯಿಂದಲೇ ಶುರುವಾಗಬೇಕು.